ಹಡಗು ಗುಜರಿಗೆ, ಹೆಸರು ಸಮುದ್ರಕ್ಕೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಯುದ್ಧನೌಕೆಗಳ ಹೆಸರಿನ ಬಗ್ಗೆಯೇ. ತಪ್ಪು ನಮ್ಮದೇ. ಕಳೆದ ಸಂಚಿಕೆಯಲ್ಲಿ 1942ರಲ್ಲಿ ಅಮೆರಿಕ, ಜಪಾನ್ ನಡುವೆ ನಡೆದ ಮಿಡ್‌ವೇ ಕಾಳಗದ ಬಗ್ಗೆ ಪುಟ್ಟದೊಂದು ಉತ್ತರ ಬರೆದು, ಪಕ್ಕದಲ್ಲಿ ‘ಎಂಟರ್‌ಪ್ರೈಸ್’ ಅಂತ ಒಂದು ಫೋಟೊ ಹಾಕಿದ್ದೆವು. ಹೆಸರು ಸರಿಯಾಗಿತ್ತು, ಹಡಗು ಬೇರೆಯಾಗಿತ್ತು! ಮಿಡ್‌ವೇಯಲ್ಲಿ ಕಾದಾಡಿದ್ದು 1938ರಲ್ಲಿ ಸೇವೆಗೆ ಸೇರಿದ ಅಮೆರಿಕದ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್. ನಾವು ಹಾಕಿದ್ದು 1961ರ ಅಣುಶಕ್ತಿಯ ಎಂಟರ್‌ಪ್ರೈಸ್ ಫೋಟೊ. ಡೆಕ್ ತುಂಬಾ ಜೆಟ್ ವಿಮಾನಗಳು ನಿಂತಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಹನ್ನೊಂದು ಜನ ಹಿಡಿದು ಹಾಕಿದ್ದೀರಿ. ಒಪ್ಪಿಕೊಂಡೆ. ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: 1971ರ ಯುದ್ಧದಲ್ಲಿದ್ದ ವಿಕ್ರಾಂತ್ ಗುಜರಿಗೆ ಹೋಯಿತು ಅಂತ ಓದಿದ ನೆನಪು. ಈಗ ನೋಡಿದರೆ ವಿಕ್ರಾಂತ್ ಸಮುದ್ರದಲ್ಲಿದೆ, ಮೈಮೇಲಿನ ನಂಬರೂ ಅದೇ. ಹಾಗಾದರೆ ಗುಜರಿಗೆ ಹೋಗಿದ್ದು ಯಾವುದು? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಮೇಷ್ಟ್ರೇ, ನಿಮ್ಮ ನೆನಪು ಗಟ್ಟಿಯಾಗಿದೆ. ಎರಡೂ ನಿಜ.

ಮೊದಲ ವಿಕ್ರಾಂತ್ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಅದೂ ‘ಹರ್ಕ್ಯುಲಿಸ್’ ಅನ್ನೋ ಹೆಸರಿನಲ್ಲಿ. 1945ರ ಸೆಪ್ಟೆಂಬರಿನಲ್ಲಿ ಅದನ್ನು ನೀರಿಗಿಳಿಸುವ ಹೊತ್ತಿಗೆ ಎರಡನೇ ಮಹಾಯುದ್ಧವೇ ಮುಗಿದಿತ್ತು. ಯಾರಿಗೂ ಬೇಡವಾಗಿ, ಅರ್ಧಂಬರ್ಧ ಕೆಲಸದಲ್ಲೇ ಹತ್ತು ವರ್ಷಕ್ಕೂ ಜಾಸ್ತಿ ಸುಮ್ನೆ ನಿಂತಿತ್ತು. 1957ರಲ್ಲಿ ಭಾರತ ಕೊಂಡುಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಉಳಿದ ಕೆಲಸ ಮುಗಿಸಿ, 1961ರ ಮಾರ್ಚ್ 4ರಂದು ವಿಕ್ರಾಂತ್ ಅಂತ ಸೇವೆಗೆ ಸೇರಿಸಿಕೊಂಡಿತು. 1971ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ಇದರ ಡೆಕ್‌ನಿಂದಲೇ ಸೀ ಹಾಕ್ ವಿಮಾನಗಳು ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆಗ ಅದರ ಬಾಯ್ಲರಿನಲ್ಲಿ ಬಿರುಕು ಬಿಟ್ಟಿತ್ತು, ಪೂರ್ತಿ ವೇಗದಲ್ಲಿ ಓಡುವ ಹಾಗೇ ಇರಲಿಲ್ಲ ಅನ್ನೋದು ಗೊತ್ತಿದ್ದರೆ ಆ ಕೆಲಸದ ತೂಕ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 1997ರ ಜನವರಿ 31ಕ್ಕೆ ನಿವೃತ್ತಿ. ಆಮೇಲೆ ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಕೊನೆಗೆ ಹರಾಜಾಯಿತು, 2014ರ ಕೊನೆಯಲ್ಲಿ ಒಡೆಯಲು ಶುರು ಮಾಡಿದರು. ಅದರ ಲೋಹ ಸ್ವಲ್ಪ ಕರಗಿ ಮೋಟರ್‌ಸೈಕಲ್‌ಗೂ ಹೋಯಿತು.

ಈಗಿನದು ಹೊಚ್ಚ ಹೊಸ ಹಡಗು. ಕೊಚ್ಚಿಯಲ್ಲಿ ಕಟ್ಟಿದ್ದು. 2009ರಲ್ಲಿ ಕೆಲಸ ಶುರುವಾಗಿ, 2013ರಲ್ಲಿ ನೀರಿಗಿಳಿದು, 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿತು. ಉದ್ದ 262 ಮೀಟರ್. ಹಳೆಯದಕ್ಕಿಂತ ಸುಮಾರು 50 ಮೀಟರ್ ಜಾಸ್ತಿ, ತೂಕ ಎರಡು ಪಟ್ಟಿಗೂ ಮೇಲೆ. ಹಳೆಯದರ ಒಂದು ಮೊಳೆಯೂ ಇದರೊಳಗೆ ಬೇಕಾಗಿರಲಿಲ್ಲ. ಆದರೂ ಆರ್ 11 ಅನ್ನೋ ನಂಬರ್ ಇದಕ್ಕೇ ಬಂತು. ‘ಜಯೇಮ ಸಂ ಯುಧಿ ಸ್ಪೃಧಃ’ ಅನ್ನೋ ಋಗ್ವೇದದ ಧ್ಯೇಯವಾಕ್ಯ ಬಂತು. ಹಳೇ ಹಡಗಿನ ಗಂಟೆಯೂ ಬಂತು.

ಕೇಳದೇ ಹೋದ ಒಂದು ಮಾತೂ ಹೇಳಿಬಿಡುತ್ತೇನೆ. 1971ರಲ್ಲಿ ವಿಕ್ರಾಂತ್ ಅನ್ನೋ ಹೆಸರು ಹಡಗನ್ನೇ ಬಿಟ್ಟು ಒಂದಷ್ಟು ದಿನ ಬೇರೆ ಕಡೆ ತಿರುಗಾಡಿತು! ಪಾಕಿಸ್ತಾನದ ಗಾಜಿ ಸಬ್‌ಮರೀನ್ ವಿಕ್ರಾಂತ್‌ನ್ನು ಹುಡುಕಿಕೊಂಡು ಬರುತ್ತಿತ್ತು. ನಮ್ಮವರು ನಿಜವಾದ ವಿಕ್ರಾಂತ್‌ನ್ನು ಅಂಡಮಾನ್ ಕಡೆ ಕಳಿಸಿಬಿಟ್ಟರು. ಇತ್ತ ವಿಶಾಖಪಟ್ಟಣದ ಹೊರಗೆ ರಾಜಪೂತ್ ಅನ್ನೋ ಹಳೇ ಡೆಸ್ಟ್ರಾಯರ್, ತಾನೇ ವಿಕ್ರಾಂತ್ ಅನ್ನೋ ಹಾಗೆ ವೈರ್‌ಲೆಸ್ ಸಂದೇಶ ಕಳಿಸುತ್ತಾ ಇತ್ತು. ಡಿಸೆಂಬರ್ 3ರ ರಾತ್ರಿ ಕಳೆದು 4 ಶುರುವಾಗುವ ಹೊತ್ತಿಗೆ ಗಾಜಿ ವಿಶಾಖಪಟ್ಟಣದ ಬಳಿಯೇ ಮುಳುಗಿತು. ಅದನ್ನು ಮುಳುಗಿಸಿದ್ದು ರಾಜಪೂತ್ ಎಂದು ನಮ್ಮ ನೌಕಾಪಡೆ, ಒಳಗೇ ಆದ ಸ್ಫೋಟ ಇಲ್ಲವೇ ಅದೇ ಇಟ್ಟ ಮೈನ್ ಎಂದು ಪಾಕಿಸ್ತಾನ. ವಾದ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ಗಾಜಿ ಬಂದದ್ದು ಹೆಸರನ್ನು ನಂಬಿ. ರಾಜಪೂತ್ ಕತೆಯೂ ಇಂಥದ್ದೇ. ಅದು ಮೊದಲು ಬ್ರಿಟನ್ನಿನ ‘ರಾದರಮ್’. ಅದು ಹೋದ ಮೇಲೆ 1980ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಹೊಸ ಡೆಸ್ಟ್ರಾಯರ್‌ಗೆ ಮತ್ತೆ ರಾಜಪೂತ್ ಅಂತಲೇ ಹೆಸರಿಟ್ಟರು, ಅದು 2021ರವರೆಗೆ ಓಡಾಡಿತು. ಪಾಕಿಸ್ತಾನವೂ ನಾಲ್ಕೇ ವರ್ಷದಲ್ಲಿ, 1975ರಲ್ಲಿ, ಪೋರ್ಚುಗಲ್‌ನಿಂದ ಕೊಂಡ ಸಬ್‌ಮರೀನಿಗೆ ಗಾಜಿ ಅಂತ ಹೆಸರಿಟ್ಟಿತು.

ಪ್ರಶ್ನೆ: ಒಂದೇ ಹೆಸರಿನ ಎರಡು ಹಡಗು ಒಟ್ಟಿಗೇ ಇದ್ದರೆ ಗೊಂದಲ ಆಗಲ್ವಾ? ಹೆಸರಿಡುವವರು ಯಾರು? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಆಗುತ್ತದೆ. ಅದಕ್ಕೇ ಒಂದೇ ನೌಕಾಪಡೆಯೊಳಗೆ ಒಟ್ಟಿಗೆ ಇರಲು ಬಿಡುವುದಿಲ್ಲ. ಅಮೆರಿಕದಲ್ಲಿ ಇದು ಕಾನೂನೇ: ನೌಕಾಪಡೆಯ ಎರಡು ಹಡಗಿಗೆ ಒಂದೇ ಹೆಸರು ಇರಕೂಡದು. ಹಾಗಾಗಿ ಹೊಸ ಹಡಗಿಗೆ ಒಂದು ಹೆಸರು ಬೇಕು, ಹಳೆಯದು ಇನ್ನೂ ತೇಲುತ್ತಾ ಇದೆ ಅಂದರೆ ಹಳೆಯದರಿಂದ ಹೆಸರನ್ನು ಕಿತ್ತುಕೊಳ್ಳಬೇಕು. ಕೇಳಲು ಕ್ರೂರ ಅನ್ನಿಸಿದರೂ ಎಷ್ಟೋ ಸಲ ನಡೆದಿದೆ.

ಬೋಸ್ಟನ್‌ನಲ್ಲಿ ಈಗಲೂ ಇರುವ ‘ಕಾನ್‌ಸ್ಟಿಟ್ಯೂಷನ್’ ಅನ್ನೋ ಹಾಯಿ ಹಡಗು ನೋಡಿ. 1797ರಲ್ಲಿ ನೀರಿಗಿಳಿದದ್ದು, ಅಮೆರಿಕದವರಿಗೆ ಅದು ಕಣ್ಣಿಗೊತ್ತಿಕೊಳ್ಳುವಂಥ ಹಡಗು. 1917ರಲ್ಲಿ ಹೊಸ ಬ್ಯಾಟಲ್ ಕ್ರೂಸರಿಗೆ ಆ ಹೆಸರು ಬೇಕಾಯಿತು. ಈ ಮುದುಕನಿಗೆ ‘ಓಲ್ಡ್ ಕಾನ್‌ಸ್ಟಿಟ್ಯೂಷನ್’ ಅಂತ ಮಾಡಿ ಪಕ್ಕಕ್ಕೆ ಕೂರಿಸಿದರು. ಆದರೆ ಹೊಸ ಹಡಗು ಕಟ್ಟಿ ಮುಗಿಯಲೇ ಇಲ್ಲ, ಮಧ್ಯದಲ್ಲೇ ಕೈಬಿಟ್ಟರು. 1925ರಲ್ಲಿ ಹೆಸರು ಮರಳಿ ಹಳೇ ಮನೆಗೇ ಬಂತು. ಬ್ರಿಟನ್ನಿನಲ್ಲೂ ಹಾಗೇ. 1914ರ ‘ಆರ್ಕ್ ರಾಯಲ್’ ಇನ್ನೂ ಕೆಲಸಕ್ಕೆ ಬರುತ್ತಿದ್ದಾಗಲೇ 1934ರಲ್ಲಿ ಅದನ್ನು ‘ಪೆಗಾಸಸ್’ ಮಾಡಿ, ಆ ಹೆಸರನ್ನು ಕಟ್ಟಬೇಕಿದ್ದ ಹೊಸ ವಿಮಾನವಾಹಕ ನೌಕೆಗೆ ತೆಗೆದಿಟ್ಟರು.

ಇನ್ನು ಇಡುವವರು ಯಾರು? ಅಮೆರಿಕದಲ್ಲಿ 1819ರಿಂದ ಅದು ನೌಕಾಪಡೆಯ ಕಾರ್ಯದರ್ಶಿಯ ಕೆಲಸ. ಬ್ರಿಟನ್ನಿನಲ್ಲಿ 1913ರಿಂದ ಒಂದು ಸಮಿತಿ ಇದೆ, ಕೊನೆಯ ಒಪ್ಪಿಗೆ ಮಾತ್ರ ರಾಜನದು. ಈ ಒಪ್ಪಿಗೆ ಬರೀ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ಚರ್ಚಿಲ್ ನೌಕಾಪಡೆಯ ಮಂತ್ರಿಯಾಗಿದ್ದಾಗ ಒಂದು ಯುದ್ಧನೌಕೆಗೆ ಆಲಿವರ್ ಕ್ರಾಮ್‌ವೆಲ್ ಹೆಸರಿಡಲು ಹೊರಟರು. ಕ್ರಾಮ್‌ವೆಲ್ ಅಂದರೆ 1649ರಲ್ಲಿ ರಾಜ ಚಾರ್ಲ್ಸ್‌ನ ತಲೆ ತೆಗೆಸಿದವರಲ್ಲಿ ಮುಖ್ಯನಾದವನು. ಆ ಹೆಸರನ್ನು ರಾಜರ ಮುಂದೆ ಇಡುವುದು ಅಂದರೆ! ಐದನೇ ಜಾರ್ಜ್ ಆಗಲ್ಲ ಅಂದರು. ‘ಪಿಟ್’ ಅನ್ನೋ ಹೆಸರನ್ನೂ ತಳ್ಳಿಹಾಕಿದರು. ನಾವಿಕರು ಅದಕ್ಕೆ ಪ್ರಾಸ ಹುಡುಕಿ ಹೊಲಸು ಅಡ್ಡಹೆಸರು ಕಟ್ಟುತ್ತಾರೆ ಅಂತ. ಜಾರ್ಜ್ ತಾವೇ ನೌಕಾಪಡೆಯಲ್ಲಿ ದುಡಿದವರು, ಹಡಗಿನ ಮೇಲಿನ ಬಾಯಿ ಎಂಥದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲೂ ನೌಕಾಪಡೆಯೊಳಗೇ ಇದಕ್ಕೊಂದು ಸಮಿತಿ ಇದೆ. ಹಡಗಿನ ಜಾತಿ ನೋಡಿ ಹೆಸರು. ಡೆಸ್ಟ್ರಾಯರ್‌ಗಳಿಗೆ ಹೆಚ್ಚಾಗಿ ಊರಿನ ಹೆಸರು, ಈಚಿನ ಫ್ರಿಗೇಟ್‌ಗಳಿಗೆ ಬೆಟ್ಟದ ಹೆಸರು. ಹಳೆಯದು ಸೇವೆಯಿಂದ ಹೋದ ಮೇಲೆ ಅದೇ ಹೆಸರು ಮತ್ತೆ ಬರುತ್ತದೆ. 1972ರ ನೀಲಗಿರಿ, ಭಾರತದಲ್ಲೇ ಕಟ್ಟಿದ ಮೊದಲ ಫ್ರಿಗೇಟ್, ನಿವೃತ್ತಿಯಾದ ಮೇಲೆ 1997ರಲ್ಲಿ ಕ್ಷಿಪಣಿ ಪರೀಕ್ಷೆಗೆ ಗುರಿಯಾಗಿ ಮುಳುಗಿತು. ಹೊಸ ನೀಲಗಿರಿ 2025ರ ಜನವರಿಯಲ್ಲಿ ಬಂದಿದೆ.

ಪ್ರಶ್ನೆ: ಹೆಸರು ಬಿಟ್ಟರೆ ಹೊಸ ಹಡಗಿಗೆ ನಿಜವಾಗಿ ಸಿಗೋದೇನು? (ಹೆಸರು ಬರೆಯದ ಓದುಗರು)

ಉತ್ತರ: ಬ್ರಿಟಿಷ್ ಪದ್ಧತಿಯಲ್ಲಿ ಸಿಗುವ ದೊಡ್ಡ ಆಸ್ತಿ ಅಂದರೆ ಯುದ್ಧ ಗೌರವಗಳು. ಒಂದು ಹಡಗು ಒಂದು ಕಾಳಗದಲ್ಲಿ ಭಾಗವಹಿಸಿದರೆ ಆ ಗೌರವ ಆ ಕಬ್ಬಿಣಕ್ಕಲ್ಲ, ಹೆಸರಿಗೆ ಸೇರುತ್ತದೆ. ಆಮೇಲೆ ಆ ಹೆಸರು ಹೊತ್ತು ಬರುವ ಪ್ರತಿ ಹಡಗೂ ಅದನ್ನು ತನ್ನದು ಅಂತ ಹಲಗೆಯ ಮೇಲೆ ಬರೆಸಿಕೊಳ್ಳಬಹುದು. ಯಾವ ಹೆಸರಿಗೆ ಯಾವ ಗೌರವ ಅಂತ 1954ರಲ್ಲಿ ಅಧಿಕೃತ ಪಟ್ಟಿಯನ್ನೇ ಮಾಡಿದರು. ಅತಿ ಹೆಚ್ಚು ಇರುವುದು ‘ವಾರ್‌ಸ್ಪೈಟ್’ ಹೆಸರಿಗೆ, 25.

ಆರ್ಕ್ ರಾಯಲ್ ಹಲಗೆ ಇನ್ನೂ ಮಜವಾಗಿದೆ. 1985ರಲ್ಲಿ ಬಂದ ಐದನೇ ಆರ್ಕ್ ರಾಯಲ್‌ನ ಮೇಲೆ ನಿಂತಕಡೆಯೇ ನೇರ ಮೇಲೇಳುವ ಜೆಟ್‌ಗಳು, ರೇಡಾರ್, ಹೆಲಿಕಾಪ್ಟರ್ ಎಲ್ಲ ಇದ್ದವು. ಅದರ ಗೌರವಗಳ ಪಟ್ಟಿಯ ಮೊದಲ ಸಾಲು ‘ಆರ್ಮಡಾ 1588’. ಅಂದರೆ ಮೊದಲ ಎಲಿಜಬೆತ್ ರಾಣಿಯ ಕಾಲದ ಹಾಯಿ ಹಡಗು ಸ್ಪೇನಿನ ನೌಕಾದಳದ ಎದುರು ಸೇನಾಪತಿಯನ್ನು ಹೊತ್ತು ನಿಂತಿತ್ತಲ್ಲ, ಆ ಲೆಕ್ಕ. ತಮಾಷೆ ಏನೆಂದರೆ ಆ ಮೊದಲ ಹಡಗು 1636ರಲ್ಲಿ ಹಾಳಾಯಿತು, ಅದಕ್ಕೂ ಮೊದಲೇ ಅದರ ಹೆಸರು ಬದಲಾಗಿತ್ತು. ಎರಡನೇ ಆರ್ಕ್ ರಾಯಲ್ ಬಂದಿದ್ದು 1914ರಲ್ಲಿ. ನಡುವೆ ಮುನ್ನೂರು ವರ್ಷ ಆ ಹೆಸರಿನ ಹಡಗೇ ಇರಲಿಲ್ಲ. ಆದರೂ ಸಾಲು ಮುಂದುವರಿಯಿತು. ಇದನ್ನು ವಂಶಾವಳಿ ಅನ್ನಬೇಕಾ, ದತ್ತು ಅನ್ನಬೇಕಾ? ನನಗಂತೂ ದತ್ತು ಅನ್ನಿಸುತ್ತದೆ.

ಕೆಲವೊಮ್ಮೆ ಕೈಯಲ್ಲಿ ಮುಟ್ಟುವಂಥ ವಸ್ತುವೂ ಬರುತ್ತದೆ. ಮಿಡ್‌ವೇಯ ಎಂಟರ್‌ಪ್ರೈಸ್‌ನಿಂದ ಕೆಲವು ದುಂಡಗಿನ ಕಿಟಕಿಗಳನ್ನು ಬಿಚ್ಚಿಟ್ಟಿದ್ದರು. ಅವನ್ನು 1961ರ ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕೋಣೆಯಲ್ಲಿ ಕೂರಿಸಿದರು. ಹಾಗೆ ನೋಡಿದರೆ ನಮ್ಮ ತಪ್ಪು ಫೋಟೊದಲ್ಲೂ ಮಿಡ್‌ವೇಯ ತುಣುಕೊಂದು ಒಳಗೆಲ್ಲೋ ಇತ್ತು. (ಇದು ಸಮರ್ಥನೆ ಅಲ್ಲ!)

ಪ್ರಶ್ನೆ: ಎಂಟರ್‌ಪ್ರೈಸ್ ಎಷ್ಟು ಇವೆ? ನನ್ನ ಮಗ ಒಂಬತ್ತು ಅಂತಾನೆ, ನಾನು ಎರಡು ಅಂತೀನಿ. ಪಂದ್ಯ ಕಟ್ಟಿದ್ದೇವೆ. (ತಂದೆಯೊಬ್ಬರು)

ಉತ್ತರ: ಸೋತಿರಿ. ಅಮೆರಿಕದ ನೌಕಾಪಡೆ ಲೆಕ್ಕ ಹಾಕುವುದು ಒಂಬತ್ತು, ಒಂಬತ್ತನೆಯದು ಇನ್ನೂ ಕಟ್ಟುತ್ತಾ ಇದ್ದಾರೆ. ಮೊದಲನೆಯದು 1775ರಲ್ಲಿ ಚಾಂಪ್ಲೇನ್ ಸರೋವರದ ಕಡೆ ಬ್ರಿಟಿಷರಿಂದ ಕಿತ್ತುಕೊಂಡ ಸಣ್ಣ ಹಾಯಿ ಹಡಗು. ಶತ್ರುವಿನ ಕೈಗೆ ಸಿಗಬಾರದು ಅಂತ 1777ರಲ್ಲಿ ಅದರವರೇ ಸುಟ್ಟುಹಾಕಿದರು. ಆಮೇಲಿನ ನಾಲ್ಕರಲ್ಲಿ 1799ರದ್ದು ಚೆನ್ನಾಗಿ ಕಾದಾಡಿ ಹೆಸರು ಮಾಡಿತು, ಮಿಕ್ಕವು ಹಾಗೇ ಬಂದು ಹೋದವು. ಆರನೆಯದು ಮೊದಲ ಮಹಾಯುದ್ಧದಲ್ಲಿ ಕರಾವಳಿ ಕಾಯಲು ತೆಗೆದುಕೊಂಡ ಒಂದು ಮೋಟರ್ ಬೋಟ್. 66 ಅಡಿ ಅಷ್ಟೇ! ಎಂಟನೆಯದು 342 ಮೀಟರ್, ಎಂಟು ಅಣು ರಿಯಾಕ್ಟರ್. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಅಲ್ಲದಿದ್ದರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಈ ಮೋಟರ್ ಬೋಟನ್ನು ಪಟ್ಟಿಯಿಂದ ಕೈಬಿಡದೆ ಉಳಿಸಿಕೊಂಡಿದ್ದು ನನಗೆ ತುಂಬಾ ಇಷ್ಟ.

ನಿಮ್ಮ ಸಮಾಧಾನಕ್ಕೆ ಹೇಳುತ್ತೇನೆ: ಎಲ್ಲರಿಗೂ ನೆನಪಿರುವುದು ಏಳನೆಯದು, ಎಂಟನೆಯದು ಮಾತ್ರ, ಅಂದರೆ ನಿಮ್ಮ ಎರಡೇ. ಏಳನೆಯದನ್ನು ಮ್ಯೂಸಿಯಂ ಮಾಡಿ ಉಳಿಸಿಕೊಳ್ಳಲು ಅದರ ಹಳೇ ನಾವಿಕರು ದುಡ್ಡು ಕೂಡಿಸಲು ಒದ್ದಾಡಿದರು, ಸಾಲಲಿಲ್ಲ. 1958ರಲ್ಲಿ ಗುಜರಿಗೆ ಮಾರಿದರು. ಅದೇ ವರ್ಷ ಎಂಟನೆಯದನ್ನು ಕಟ್ಟಲು ಶುರು ಮಾಡಿದ್ದರು. 2012ರ ಡಿಸೆಂಬರ್ 1ರಂದು ಎಂಟನೆಯದಕ್ಕೆ ಬೀಳ್ಕೊಡುಗೆ ನಡೆಯುತ್ತಿದ್ದಾಗ, ನೌಕಾಪಡೆಯ ಕಾರ್ಯದರ್ಶಿ ವಿಡಿಯೊ ಸಂದೇಶದಲ್ಲಿ ಮುಂದಿನ ಹಡಗೊಂದಕ್ಕೆ ಇದೇ ಹೆಸರು ಅಂತ ಅಲ್ಲೇ ಹೇಳಿಬಿಟ್ಟರು. ಎಂಟನೆಯದರ ಉಕ್ಕನ್ನೂ ಸ್ವಲ್ಪ ಕರಗಿಸಿ ಹೊಸದಕ್ಕೆ ಸೇರಿಸಿದ್ದಾರೆ.

ಪ್ರಶ್ನೆ: ಮುಳುಗಿ ಜನ ಸತ್ತ ಹಡಗಿನ ಹೆಸರನ್ನೇ ಮತ್ತೆ ಇಡೋದು ಅಪಶಕುನ ಅಲ್ವಾ? ನಾನಂತೂ ಅಂಥ ಹಡಗು ಹತ್ತಲ್ಲ. (ಗೃಹಿಣಿಯೊಬ್ಬರು)

ಉತ್ತರ: ನಿಮ್ಮ ಹಾಗೆ ಯೋಚಿಸುವವರು ನೌಕಾಪಡೆಯೊಳಗೇ ಇದ್ದಾರಮ್ಮ. ನಾವಿಕರಷ್ಟು ಶಕುನ ನಂಬುವವರು ಕಡಿಮೆ. 1939ರ ಜೂನ್‌ನಲ್ಲಿ ಬ್ರಿಟನ್ನಿನ ‘ಥೀಟಿಸ್’ ಸಬ್‌ಮರೀನ್ ಪರೀಕ್ಷಾ ಓಟದಲ್ಲೇ ಮುಳುಗಿ 99 ಜನ ಸತ್ತರು. ಅದನ್ನು ಮೇಲೆತ್ತಿ ರಿಪೇರಿ ಮಾಡಿದರು. ಹೆಸರನ್ನು ಮಾತ್ರ ಮತ್ತೆ ಮುಟ್ಟಲಿಲ್ಲ, ‘ಥಂಡರ್‌ಬೋಲ್ಟ್’ ಅಂತ ಬದಲಾಯಿಸಿದರು. ಇಲ್ಲಿ ಹಡಗು ಉಳಿಯಿತು, ಹೆಸರು ಹೋಯಿತು. ಅದೂ 1943ರಲ್ಲಿ ಯುದ್ಧದಲ್ಲಿ ಮುಳುಗಿತು ಬಿಡಿ. 1941ರಲ್ಲಿ ಬ್ರಿಟನ್ನಿನದೇ ‘ಹುಡ್’ ಯುದ್ಧನೌಕೆ ಮುಳುಗಿದಾಗ 1,418 ಜನರಲ್ಲಿ ಮೂವರೇ ಉಳಿದದ್ದು. ಇವತ್ತಿನವರೆಗೂ ಆ ಹೆಸರಿನ ಇನ್ನೊಂದು ಹಡಗು ಬಂದಿಲ್ಲ.

ಹಿಟ್ಲರನ ಹೆದರಿಕೆ ಇನ್ನೊಂದು ತರಹ. ಅವನ ನೌಕಾಪಡೆಯಲ್ಲಿ ‘ಡಾಯ್ಚ್‌ಲ್ಯಾಂಡ್’ ಅಂತ ಒಂದು ಯುದ್ಧನೌಕೆ ಇತ್ತು, ಅಂದರೆ ಜರ್ಮನಿ ಅಂತಲೇ ಅರ್ಥ. ಯುದ್ಧ ಶುರುವಾದ ಮೇಲೆ, ಇದು ಮುಳುಗಿದರೆ ‘ಜರ್ಮನಿ ಮುಳುಗಿತು’ ಅಂತ ಶತ್ರುಗಳು ಸುದ್ದಿ ಮಾಡುತ್ತಾರೆ ಅಂತ ಹೆದರಿ ಹೆಸರನ್ನೇ ‘ಲ್ಯುಟ್ಸೊ’ ಅಂತ ಬದಲಾಯಿಸಿದರು.

ಆದರೆ ಹೆಚ್ಚಿನ ಸಲ ನಡೆಯುವುದು ಇದಕ್ಕೆ ಉಲ್ಟಾ. ಮುಳುಗಿದ್ದಕ್ಕೇ ಆ ಹೆಸರು ಬೇಕು ಅಂತ ಜನ ಹಟ ಹಿಡಿಯುತ್ತಾರೆ. 1942ರ ಮೇ 8ರಂದು ಕೋರಲ್ ಸಮುದ್ರದ ಕಾಳಗದಲ್ಲಿ ಅಮೆರಿಕದ ‘ಲೆಕ್ಸಿಂಗ್ಟನ್’ ವಿಮಾನವಾಹಕ ನೌಕೆ ಮುಳುಗಿತು. ಅದನ್ನು ಕಟ್ಟಿದ್ದು ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯ ಶಿಪ್‌ಯಾರ್ಡ್‌ನಲ್ಲಿ. ಸುದ್ದಿ ಹೊರಬಿದ್ದಾಗ ಅದೇ ಯಾರ್ಡ್‌ನಲ್ಲಿ ಇನ್ನೊಂದು ವಿಮಾನವಾಹಕದ ಕೆಲಸ ನಡೆಯುತ್ತಿತ್ತು, ಅದಕ್ಕೆ ‘ಕ್ಯಾಬಟ್’ ಅಂತ ಹೆಸರೂ ಆಗಿತ್ತು. ಅಲ್ಲಿನ ಕೆಲಸಗಾರರು ಸುಮ್ಮನಿರಲಿಲ್ಲ. ನಾವು ಕಟ್ಟಿದ ಹಡಗು ಹೋಯಿತು, ಈಗ ಕಟ್ಟುತ್ತಿರುವುದಕ್ಕೆ ಅದರದೇ ಹೆಸರು ಕೊಡಿ ಅಂತ ನೌಕಾಪಡೆಯ ಕಾರ್ಯದರ್ಶಿಗೆ ಮನವಿ ಕಳಿಸಿದರು. ಒಂದೇ ತಿಂಗಳಲ್ಲಿ, ಜೂನ್‌ನಲ್ಲಿ, ಒಪ್ಪಿಗೆ ಸಿಕ್ಕಿತು. ತಾವು ಹೊಡೆದ ರಿವೆಟ್ ಸಮುದ್ರದ ತಳದಲ್ಲಿದೆ ಅಂತ ಗೊತ್ತಿರುವವರು, ಅದೇ ಹೆಸರಿಗೆ ಮತ್ತೆ ರಿವೆಟ್ ಹೊಡೆಯಲು ನಿಂತದ್ದು. ಅಪಶಕುನದ ಯೋಚನೆ ಅವರ ತಲೆಗೆ ಬಂದ ಹಾಗೆ ಕಾಣುವುದಿಲ್ಲ. ಕ್ಯಾಬಟ್ ಅನ್ನೋ ಹೆಸರೂ ವ್ಯರ್ಥವಾಗಲಿಲ್ಲ, ಇನ್ನೊಂದು ಹಡಗಿಗೆ ಹೋಯಿತು.

ಅದೇ ವರ್ಷ ಅಮೆರಿಕ ಕಳೆದುಕೊಂಡ ಇನ್ನೂ ಮೂರು ದೊಡ್ಡ ವಿಮಾನವಾಹಕಗಳಾದ ಯಾರ್ಕ್‌ಟೌನ್, ವಾಸ್ಪ್, ಹಾರ್ನೆಟ್ ಹೆಸರುಗಳನ್ನೂ ಕಟ್ಟುತ್ತಿದ್ದ ಹಡಗುಗಳಿಗೆ ಹೀಗೇ ದಾಟಿಸಿದರು. 1943 ಮುಗಿಯುವುದರೊಳಗೆ ನಾಲ್ಕೂ ಹೆಸರು ಮತ್ತೆ ಸಮುದ್ರದಲ್ಲಿದ್ದವು. ಮುಳುಗಿಸಿದವರಿಗೆ ಹೇಗಾಗಿರಬೇಡ!

ಸೋತವರೂ ಬಿಟ್ಟಿಲ್ಲ. ಮಿಡ್‌ವೇಯಲ್ಲಿ ಎಂಟರ್‌ಪ್ರೈಸ್‌ನ ವಿಮಾನಗಳು ಮುಳುಗಿಸಿದ ಹಡಗುಗಳಲ್ಲಿ ಜಪಾನಿನ ‘ಕಾಗಾ’ ಒಂದು. 2017ರಲ್ಲಿ ಸೇವೆಗೆ ಸೇರಿದ ಜಪಾನಿನ ದೊಡ್ಡ ಹೆಲಿಕಾಪ್ಟರ್ ವಾಹಕದ ಹೆಸರೂ ಕಾಗಾ. ಈಗ ಅದು ಅಮೆರಿಕದ ಹಡಗುಗಳ ಜೊತೆಗೇ ಕವಾಯತು ಮಾಡುತ್ತದೆ.

ಇನ್ನು ನಮ್ಮ ‘ಖುಕ್ರಿ’. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. 1989ರ ಆಗಸ್ಟ್ 23ರಂದು ಮುಂಬೈಯಲ್ಲಿ ಹೊಸ ಖುಕ್ರಿ ಸೇವೆಗೆ ಸೇರಿದಾಗ ರಕ್ಷಣಾ ಮಂತ್ರಿಯ ಜೊತೆ ನಿಂತು ಅದನ್ನು ನೌಕಾಪಡೆಗೆ ಸೇರಿಸಿದವರು ಮುಲ್ಲಾ ಅವರ ಪತ್ನಿ. ಗಂಡ ಮುಳುಗಿದ ಹಡಗಿನ ಹೆಸರು ಅವರ ಕಣ್ಣೆದುರೇ ಮತ್ತೆ ಬಣ್ಣದಲ್ಲಿ ಹೊಸದಾಗಿ ಬರೆದಿತ್ತು. ಆ ಖುಕ್ರಿ 33 ವರ್ಷ ದುಡಿದು, ಒಂದು ಪೆಟ್ಟೂ ಬೀಳದೆ 2022ರ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು. ಮ್ಯೂಸಿಯಂ ಮಾಡಲು ಅದನ್ನು ಕೊಟ್ಟಿದ್ದು ದಿಯುವಿಗೇ, ಮೊದಲ ಖುಕ್ರಿ ಮುಳುಗಿದ ನೀರಿನ ದಡಕ್ಕೆ. ಆ ಕಡೆ, ಹೊಡೆದ ಹಂಗೋರ್ ಕರಾಚಿಯ ಮ್ಯೂಸಿಯಂನಲ್ಲಿದೆ, ಅದರ ಹೆಸರಿನಲ್ಲಿ ಹೊಸ ಸಬ್‌ಮರೀನ್‌ಗಳು ಬರುತ್ತಿವೆ.

ನೀವು ಹತ್ತಬೇಡಿ, ಪರವಾಗಿಲ್ಲ. ಆದರೆ 1744ರಲ್ಲಿ ಬ್ರಿಟನ್ನಿನ ‘ವಿಕ್ಟರಿ’ ಅನ್ನೋ ಹಡಗು ಸಾವಿರಕ್ಕೂ ಹೆಚ್ಚು ಜನರ ಸಮೇತ ಮುಳುಗಿತ್ತು. ಅದರ ಮುಂದಿನ ವಿಕ್ಟರಿಗೆ ಹೆಸರಿಡುವಾಗ ಕೆಲವರು ಇದೇ ಮಾತು ಹೇಳಿ ಮೂಗು ಮುರಿದರು. ಹಾಗೆ ಮೂಗು ಮುರಿಸಿಕೊಂಡ ಆ ಹಡಗು 1765ರಲ್ಲಿ ನೀರಿಗಿಳಿಯಿತು, 1805ರಲ್ಲಿ ಫ್ರೆಂಚರ ಎದುರಿನ ಟ್ರಫಾಲ್ಗರ್ ಕಾಳಗದಲ್ಲಿ ಸೇನಾಪತಿ ನೆಲ್ಸನ್‌ನನ್ನು ಹೊತ್ತು ಗೆದ್ದಿತು, ಈಗಲೂ ಪೋರ್ಟ್ಸ್‌ಮತ್‌ನಲ್ಲಿದೆ.

ಪ್ರಶ್ನೆ: ಬೇರೆ ದೇಶದ ಹಡಗಿನ ಹೆಸರನ್ನು ಯಾರಾದರೂ ಇಟ್ಟುಕೊಂಡಿದ್ದಾರಾ? (ಹೈಸ್ಕೂಲ್ ಹುಡುಗ)

ಉತ್ತರ: ಧಾರಾಳವಾಗಿ! ಹಾಯಿ ಹಡಗಿನ ಕಾಲದಲ್ಲಿ ಶತ್ರುವಿನ ಹಡಗು ಹಿಡಿದರೆ ಹೆಸರು ಸಮೇತ ಇಟ್ಟುಕೊಳ್ಳುವುದು ಬ್ರಿಟಿಷರ ಅಭ್ಯಾಸ. ‘ತೆಮೆರೇರ್’ ಹಾಗೆ ಫ್ರೆಂಚರಿಂದ ಬಂದ ಹೆಸರು. ಅದನ್ನು ಹೊತ್ತ ಬ್ರಿಟಿಷ್ ಹಡಗು ಟ್ರಫಾಲ್ಗರ್‌ನಲ್ಲಿ ಫ್ರೆಂಚರ ಮೇಲೆಯೇ ಗುಂಡು ಹಾರಿಸಿತು. ಫ್ರೆಂಚರೂ ಆ ಹೆಸರು ಬಿಟ್ಟುಕೊಟ್ಟಿಲ್ಲ, ಇವತ್ತು ಅವರ ಅಣು ಸಬ್‌ಮರೀನೊಂದರ ಹೆಸರು ಅದೇ.

ಗೆಳೆತನದಲ್ಲಿ ಕೊಟ್ಟಿದ್ದೂ ಇದೆ. 1942ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ‘ಕ್ಯಾನ್‌ಬೆರಾ’ ಕ್ರೂಸರ್ ಸಾವೊ ದ್ವೀಪದ ಬಳಿ ಅಮೆರಿಕದವರ ಜೊತೆಗೂಡಿ ಜಪಾನಿನ ವಿರುದ್ಧ ಕಾದಾಡುತ್ತಾ ನಾಶವಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ದೇಶದಲ್ಲಿ ಕಟ್ಟುತ್ತಿದ್ದ ‘ಪಿಟ್ಸ್‌ಬರ್ಗ್’ ಕ್ರೂಸರಿಗೆ ಆ ಹೆಸರಿಟ್ಟರು. 2023ರ ಜುಲೈನಲ್ಲಿ ಅಮೆರಿಕದ ಇನ್ನೊಂದು ಕ್ಯಾನ್‌ಬೆರಾ ಸೇವೆಗೆ ಸೇರಿತು, ಸಮಾರಂಭ ನಡೆದದ್ದೂ ಸಿಡ್ನಿಯಲ್ಲೇ.

ಇನ್ನು ‘ಎಮ್‌ಡೆನ್’. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕ್‌ಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿ ಹೋದ ಜರ್ಮನ್ ಕ್ರೂಸರ್ ಅದು. ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ‘ಸಿಡ್ನಿ’ ಅದನ್ನು ಹೊಡೆದು ಕೆಡವಿತು. ಆಮೇಲೆ ಎರಡೂ ದೇಶ ಎರಡೂ ಹೆಸರನ್ನು ಬಿಡದೆ ಸಾಗಿಸಿಕೊಂಡು ಬಂದಿವೆ. ಈಚಿನದನ್ನೂ ಸೇರಿಸಿದರೆ ಎಮ್‌ಡೆನ್ ಆರು, ಸಿಡ್ನಿ ಐದು. ಜರ್ಮನಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬದುಕುಳಿದ ನಾವಿಕರಿಗೆ ತಮ್ಮ ಮನೆತನದ ಹೆಸರಿನ ಕೊನೆಗೆ ‘ಎಮ್‌ಡೆನ್’ ಅಂತ ಸೇರಿಸಿಕೊಳ್ಳುವ ಹಕ್ಕು ಕೊಟ್ಟರು. ಹಡಗಿನ ಹೆಸರು ಹಡಗಿನಿಂದ ಇಳಿದು ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡಿತು.

ಪ್ರಶ್ನೆ: ನಮ್ಮ ತಂದೆ ‘ಮೈಸೂರು’ ಹಡಗಿನಲ್ಲಿದ್ದೆ ಅನ್ನುತ್ತಿದ್ದರು, ಅವರ ಸ್ನೇಹಿತರು ‘ದೆಹಲಿ’ಯಲ್ಲಿ. ಇಬ್ಬರೂ 60ರ ದಶಕದವರು. ಈಗ ಹುಡುಕಿದರೆ ಎರಡೂ 90ರ ದಶಕದ ಹಡಗು ಅಂತ ಬರುತ್ತದೆ. ಅಪ್ಪ ಸುಳ್ಳು ಹೇಳುತ್ತಿದ್ದರಾ? (ನೌಕಾಪಡೆಯವರ ಮಗಳು)

ಉತ್ತರ: ಖಂಡಿತಾ ಇಲ್ಲ. ನಿಮ್ಮ ತಂದೆ ಇದ್ದದ್ದು ಮೊದಲ ಮೈಸೂರಿನಲ್ಲಿ. ಅದು ಬ್ರಿಟನ್ನಿನ ‘ನೈಜೀರಿಯಾ’ ಅನ್ನೋ ಕ್ರೂಸರ್, 1957ರ ಆಗಸ್ಟ್‌ನಲ್ಲಿ ಮೈಸೂರು ಆಯಿತು, 1985ರವರೆಗೆ ಸೇವೆಯಲ್ಲಿತ್ತು. ನಿಮಗೆ ಈಗ ಸಿಗುತ್ತಿರುವುದು 1999ರ ಡೆಸ್ಟ್ರಾಯರ್. ಅದರ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ ಇದೆ, ‘ನ ಬಿಭೇತಿ ಕದಾಚನ’ ಅನ್ನೋ ಉಪನಿಷತ್ತಿನ ಮಾತಿದೆ, ಎಂದೂ ಹೆದರುವುದಿಲ್ಲ ಅಂತ. ಇನ್ನು ಮುಂದೆ ಹುಡುಕುವಾಗ ಹೆಸರಿನ ಜೊತೆ ವರ್ಷವನ್ನೂ ಸೇರಿಸಿ. (ಫೋಟೊ ಹಾಕುವಾಗ ನಾನೂ ಸೇರಿಸುತ್ತೇನೆ.)

ನಿಮ್ಮ ತಂದೆಯ ಸ್ನೇಹಿತರ ದೆಹಲಿಯದ್ದು ದೊಡ್ಡ ಕತೆ. ಅದರ ಮೊದಲ ಹೆಸರು ‘ಅಕಿಲೀಸ್’. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ಜರ್ಮನಿಯ ‘ಗ್ರಾಫ್ ಶ್ಪೇ’ ಯುದ್ಧನೌಕೆಯನ್ನು ಬೆನ್ನಟ್ಟಿದ ಮೂರು ಹಡಗುಗಳಲ್ಲಿ ಒಂದು. ಅದರಲ್ಲಿದ್ದವರು ಹೆಚ್ಚಾಗಿ ನ್ಯೂಜಿಲೆಂಡ್‌ನವರು. 1948ರಲ್ಲಿ ಭಾರತಕ್ಕೆ ಬಂದು ದೆಹಲಿ ಆಯಿತು. 1956ರಲ್ಲಿ ಆ ಕಾಳಗದ ಬಗ್ಗೆ ಒಂದು ಇಂಗ್ಲಿಷ್ ಸಿನಿಮಾ ಬಂದಾಗ, ಅಕಿಲೀಸ್ ಪಾತ್ರ ಮಾಡಿದ್ದು ಇದೇ ದೆಹಲಿ. ಅಂದರೆ ತನ್ನ ಪಾತ್ರವನ್ನು ತಾನೇ, ತನ್ನದಲ್ಲದ ಹೆಸರಿನಲ್ಲಿದ್ದುಕೊಂಡು!

1978ರಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಆದರೆ ಅದರ ಒಂದು ಫಿರಂಗಿ ಗೂಡು ಮಾತ್ರ ಉಳಿದು, ಸಮುದ್ರ ದಾಟಿ ನ್ಯೂಜಿಲೆಂಡಿಗೆ ಹೋಗಿ, ಈಗ ಆಕ್ಲೆಂಡ್‌ನ ಡೆವನ್‌ಪೋರ್ಟ್ ನೌಕಾನೆಲೆಯ ಬಾಗಿಲಲ್ಲಿ ನಿಂತಿದೆ. ದೆಹಲಿ ಅನ್ನೋ ಹೆಸರು 1997ರಲ್ಲಿ ಹೊಸ ಡೆಸ್ಟ್ರಾಯರಿಗೆ ಬಂತು. ಅಕಿಲೀಸ್ ಅನ್ನೋ ಹೆಸರು ಬ್ರಿಟನ್ನಿನಲ್ಲೇ ಉಳಿದಿತ್ತು. 2025ರ ಜನವರಿಯಲ್ಲಿ ಅಲ್ಲಿ ಕಟ್ಟುತ್ತಿರುವ ಅಣು ಸಬ್‌ಮರೀನೊಂದಕ್ಕೆ ಅದನ್ನು ಕೊಟ್ಟರು. ಅದಕ್ಕೆ ಮೊದಲು ‘ಅಜಿನ್‌ಕೋರ್ಟ್’ ಅಂತ ಇಟ್ಟಿದ್ದರು, 1415ರಲ್ಲಿ ಫ್ರೆಂಚರನ್ನು ಸೋಲಿಸಿದ ಜಾಗದ ಹೆಸರು. ಫ್ರೆಂಚರಿಗೆ ಬೇಜಾರಾಗುತ್ತದೆ ಅಂತ ಬದಲಾಯಿಸಿದರು ಎಂದು ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ನಿಮ್ಮ ತಂದೆಯ ಸ್ನೇಹಿತರ ಹಳೇ ಫೋಟೊ ಯಾವುದಾದರೂ ಇದ್ದರೆ, ಹಿಂದೆ ಕಾಣುವ ಫಿರಂಗಿಗಳನ್ನು ಒಮ್ಮೆ ನೋಡಿ. ಹಡಗಿನ ಹಿಂಭಾಗದಲ್ಲಿ ನಿಂತು ತೆಗೆಸಿಕೊಂಡಿದ್ದರೆ ಆ ಆಕ್ಲೆಂಡಿನ ಗೂಡೇ ಅದರಲ್ಲಿ ಬಿದ್ದಿರಬಹುದು. ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ, ಈ ಸಲ ಸರಿಯಾದ ಹೆಸರು ಹಾಕಿ ಅಚ್ಚು ಮಾಡುತ್ತೇವೆ.